ಮುಚ್ಚಿದ ಪಾರ್ಕಿನ ವೀಕ್ಷಣಾ ಗೋಪುರ: ಆ ಬಳೆಯಂಥ ಕ್ಯಾಬಿನ್ ಏರುತ್ತಿದ್ದದ್ದು ಹೇಗೆ?

ಕಂಬಶಿಲ್ಪಿ (ಪ್ರಶ್ನೆ):

ಬಾಗಿಲು ಮುಚ್ಚಿ ನೆಲಸಮವಾಗಿರುವ ಒಂದು ಅಮ್ಯೂಸ್‌ಮೆಂಟ್ ಪಾರ್ಕಿನ ವೀಕ್ಷಣಾ ಗೋಪುರವನ್ನು 1:100 ಅಳತೆಯ ಮಾದರಿಯಾಗಿ ಕಟ್ಟುವ ಕೆಲಸ ಹಿಡಿದಿದ್ದೇನೆ. ಒಂಟಿ ಉಕ್ಕಿನ ಕಂಬ, ಕಂಬದ ಸುತ್ತ ಬಳೆ ತೊಡಿಸಿದ ಹಾಗೆ ಒಂದು ಗಾಜಿನ ಕ್ಯಾಬಿನ್, ಜನ ಅದರಲ್ಲಿ ಕೂತು ನಿಧಾನಕ್ಕೆ ಮೇಲೇರುವುದು, ಸುತ್ತಲಿನ ನೋಟ ತಾನಾಗಿ ಕಣ್ಣ ಮುಂದೆ ತಿರುಗುವುದು. ಆ ಜಾತಿಯ ಗೋಪುರ.

ಕೈಯಲ್ಲಿ ಇರುವುದು ಎರಡು ಪೋಸ್ಟ್‌ಕಾರ್ಡ್ ಮತ್ತು ಹತ್ತಾರು ಜನರ ನೆನಪು. ನೆನಪುಗಳು ಒಂದಕ್ಕೊಂದು ಕೂಡಿ ಬರುತ್ತಿಲ್ಲ. ಕೆಲವರು ಕ್ಯಾಬಿನ್ ಸ್ಕ್ರೂ ಥರ ತಿರುಗುತ್ತಲೇ ಮೇಲೇರುತ್ತಿತ್ತು ಅನ್ನುತ್ತಾರೆ, ಕೆಲವರು ತುದಿಗೆ ಹೋದ ಮೇಲಷ್ಟೇ ತಿರುಗುತ್ತಿತ್ತು ಅನ್ನುತ್ತಾರೆ, ಇಬ್ಬರು ಕಂಬವೇ ತಿರುಗುತ್ತಿತ್ತು ಎಂದು ಪಟ್ಟು ಹಿಡಿದಿದ್ದಾರೆ. ಎತ್ತರದ ವಿಷಯದಲ್ಲೂ ಒಬ್ಬೊಬ್ಬರದು ಒಂದೊಂದು ಅಂಕಿ.

ತಿಳಿಯಬೇಕಾಗಿರುವುದು ಇಷ್ಟು. ಹೊರಗೆ ಕೌಂಟರ್ ವೇಟ್ (ಎದುರು ಕಡೆ ತೂಗಿ ಭಾರ ಸಮ ಮಾಡುವ ತೂಕ) ಆಗಲಿ, ಎಂಜಿನ್ ಆಗಲಿ ಕಾಣುವುದಿಲ್ಲವಲ್ಲ, ಇದನ್ನು ಎತ್ತುತ್ತಿದ್ದದ್ದು ಏನು? ಮೇಲೆ ಕೆಳಗೆ ಓಡುವ ವಸ್ತು ತಿರುಗುವುದೂ ಹೇಗೆ ಸಾಧ್ಯ, ಹಗ್ಗ ಕಂಬಕ್ಕೆ ಸುತ್ತಿಕೊಳ್ಳುವುದಿಲ್ಲವೇ? ಹಳೆಯ ಚಿತ್ರದಿಂದ ಎತ್ತರ ಲೆಕ್ಕ ಹಾಕುವುದು ಹೇಗೆ? ಮಾದರಿಯೂ ನಿಜದ ಹಾಗೇ ಕೆಲಸ ಮಾಡಬೇಕು ಎನ್ನುವುದು ಆಸೆ. ಒಳಗೆ ಬೇರೆ ಯಾವುದೋ ತಂತ್ರ ಅಡಗಿಸಿ ಓಡಿಸುವುದು ಬೇಡ.

ಲಿಫ್ಟ್‌ಕೋಣೆ:

ಎತ್ತುತ್ತಿದ್ದದ್ದು ಕಂಬದ ಹೊಟ್ಟೆಯೊಳಗಿದ್ದ ತೂಕ. ಒಂದು ಮಾತು ಮನಸ್ಸಿನಲ್ಲಿಟ್ಟುಕೊಳ್ಳಿ, ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ: ಇದು ಒಳಗು ಹೊರಗಾದ ಲಿಫ್ಟು. ಕಟ್ಟಡದ ಲಿಫ್ಟಿನಲ್ಲಿ ಬಾವಿಯೊಳಗೆ ಡಬ್ಬಿ ಓಡುತ್ತದೆ. ಇಲ್ಲಿ ಬಾವಿಯನ್ನೇ ಕಂಬ ಮಾಡಿ, ಡಬ್ಬಿಯನ್ನು ಅದರ ಹೊರಗೆ ತೊಡಿಸಿದ್ದಾರೆ. ಕೌಂಟರ್ ವೇಟ್ ಮಾತ್ರ ಬಾವಿಯೊಳಗೇ ಉಳಿದಿದೆ.

ಉಕ್ಕಿನ ಹಗ್ಗಗಳು ಕ್ಯಾಬಿನ್‌ನಿಂದ ಹೊರಟು ಕಂಬದ ಹೊರಮೈಗುಂಟ ಮೇಲೆ ಹೋಗುತ್ತವೆ, ತುದಿಯಲ್ಲಿ ರಾಟೆಗಳ ಮೇಲೆ ಹಾದು ಕಂಬದೊಳಕ್ಕೆ ಇಳಿಯುತ್ತವೆ, ಅಲ್ಲಿ ಕೌಂಟರ್ ವೇಟ್ ತೂಗುತ್ತಿರುತ್ತದೆ. ಹಗ್ಗ ಹೊರಗಿನಿಂದ ಒಳಗೆ ದಾಟಬೇಕಾದ್ದರಿಂದ ರಾಟೆಗಳು ಕಂಬದ ಅಂಚಿನಾಚೆ ಸ್ವಲ್ಪ ಚಾಚಿರಲೇಬೇಕು. ನಿಮ್ಮ ಪೋಸ್ಟ್‌ಕಾರ್ಡ್‌ನಲ್ಲಿ ತುದಿಗೆ ಟೋಪಿ ಇಟ್ಟಂತೆ ಅಗಲವಾದ ಒಂದು ಮುಚ್ಚಳ ಕಾಣುತ್ತಿದ್ದರೆ ಅದು ಅಲಂಕಾರಕ್ಕೆ ಇಟ್ಟದ್ದಲ್ಲ, ರಾಟೆಗಳ ಮನೆ. ಓಡಿಸುವ ಮೋಟಾರು ಕೆಲವು ವಿನ್ಯಾಸಗಳಲ್ಲಿ ಆ ಟೋಪಿಯೊಳಗೇ ಇರುತ್ತದೆ, ಕೆಲವುದರಲ್ಲಿ ಬುಡದ ಯಂತ್ರಕೋಣೆಯಲ್ಲಿ. ಬುಡದಲ್ಲಿದ್ದರೆ ರಿಪೇರಿ ಸುಲಭ, ಆದರೆ ಹಗ್ಗದ ಉದ್ದ ಬೆಳೆಯುತ್ತದೆ.

ಕೌಂಟರ್ ವೇಟ್ ಎಷ್ಟಿರಬೇಕು ಎಂಬುದಕ್ಕೆ ಒಂದು ಲೆಕ್ಕ ತೋರಿಸುತ್ತೇನೆ. ಅಂಕಿಗಳು ಉದಾಹರಣೆಗೆ ಹಿಡಿದವು. ಖಾಲಿ ಕ್ಯಾಬಿನ್ 10 ಟನ್. 60 ಜನ, ತಲೆಗೆ 75 ಕೆಜಿಯಂತೆ 4.5 ಟನ್. ಖಾಲಿ ತೂಕಕ್ಕೆ ಜನರ ಅರ್ಧ ಭಾರ ಸೇರಿಸಿ ಕೌಂಟರ್ ವೇಟ್ ಇಡುತ್ತಾರೆ, ಅಂದರೆ 12.25 ಟನ್. ಹಾಗಾದರೆ ಕ್ಯಾಬಿನ್ ತುಂಬಿದಾಗ 2.25 ಟನ್ ಈ ಕಡೆ ಹೆಚ್ಚು, ಖಾಲಿಯಿದ್ದಾಗ ಅಷ್ಟೇ ಆ ಕಡೆ ಹೆಚ್ಚು. ಸೆಕೆಂಡಿಗೆ 1.5 ಮೀಟರ್ ವೇಗದಲ್ಲಿ ಎತ್ತಲು ಘರ್ಷಣೆ ಬಿಟ್ಟು ಸುಮಾರು 33 ಕಿಲೋವ್ಯಾಟ್ ಸಾಕು. ಕೌಂಟರ್ ವೇಟ್ ಇಲ್ಲದೆ ಇಡೀ 14.5 ಟನ್ ಎತ್ತಬೇಕಾಗಿದ್ದರೆ 213 ಕಿಲೋವ್ಯಾಟ್ ಬೇಕಿತ್ತು. ಅಷ್ಟು ದೊಡ್ಡ ಗೋಪುರ ಸದ್ದಿಲ್ಲದೆ ಏರುತ್ತಿತ್ತು ಎಂದು ಜನ ನೆನೆಯುತ್ತಾರಲ್ಲ, ಅದರ ಗುಟ್ಟು ಇದೇ.

ಇನ್ನು ತಿರುಗುವ ವಿಷಯ. ಕ್ಯಾಬಿನ್ ಒಂದೇ ವಸ್ತುವಲ್ಲ. ಒಳಗೊಂದು ಗಾಡಿ ಇದೆ. ಅದು ಕಂಬಕ್ಕೆ ಉದ್ದಕ್ಕೂ ಬೆಸೆದ ಗೈಡ್ ರೈಲುಗಳನ್ನು, ಅಂದರೆ ದಾರಿ ತಪ್ಪದಂತೆ ನಡೆಸುವ ಉಕ್ಕಿನ ಕಂಬಿಗಳನ್ನು, ಚಕ್ರಗಳಿಂದ ಹಿಡಿದುಕೊಂಡು ಮೇಲೆ ಕೆಳಗೆ ಮಾತ್ರ ಓಡುತ್ತದೆ, ತಿರುಗುವುದಿಲ್ಲ. ಹಗ್ಗ ಕಟ್ಟಿರುವುದು ಈ ಗಾಡಿಗೆ. ಗಾಡಿಯ ಮೇಲೆ ದೊಡ್ಡ ವರ್ತುಲದ ಬೇರಿಂಗು ಅಥವಾ ರೋಲರುಗಳ ಸಾಲು, ಅದರ ಮೇಲೆ ಜನ ಕೂರುವ ಬಳೆ. ತಿರುಗುವುದು ಬಳೆ ಮಾತ್ರ. ಹಾಗಾಗಿ ಹಗ್ಗ ಸುತ್ತಿಕೊಳ್ಳುವ ಪ್ರಶ್ನೆಯೇ ಬರುವುದಿಲ್ಲ.

ಏರುತ್ತಾ ತಿರುಗುತ್ತಿತ್ತೋ, ತುದಿಯಲ್ಲಿ ಮಾತ್ರವೋ ಎಂದರೆ, ಎತ್ತುವ ಮೋಟಾರು ಬೇರೆ, ತಿರುಗಿಸುವ ಮೋಟಾರು ಬೇರೆ ಇರುವಾಗ ಎರಡೂ ಸಾಧ್ಯ. ಅದೇ ಗೋಪುರವನ್ನು ಜನಸಂದಣಿಯ ದಿನ ಒಂದು ಥರ, ಬಿಡುವಿನ ದಿನ ಒಂದು ಥರ ಓಡಿಸಬಹುದು. ನಿಮಗೆ ಹೇಳಿದ ಇಬ್ಬರೂ ಸರಿಯಿರಬಹುದು. ಕಂಬ ತಿರುಗುತ್ತಿತ್ತು ಅನ್ನುವವರ ಮಾತನ್ನೂ ತಳ್ಳಿಹಾಕಬೇಡಿ. ಕಿಟಕಿಗೆ ಬೆನ್ನು ಮಾಡಿ ಒಳಗಡೆ ನೋಡಿದರೆ ಒಂದು ಮೊಳ ದೂರದಲ್ಲಿ ಕಂಬದ ಮೈ ಪಕ್ಕಕ್ಕೆ ಸರಿಯುತ್ತಾ ಹೋಗುತ್ತದೆ. ನಿಂತ ರೈಲಿನಲ್ಲಿ ಕೂತವರಿಗೆ ಪಕ್ಕದ ರೈಲು ಹೊರಟಾಗ ಆಗುವಂಥದ್ದೇ ಭ್ರಮೆ.

ಹಗ್ಗಲೆಕ್ಕ:

ಮೇಲಿನ ಲೆಕ್ಕದಲ್ಲಿ ಒಂದು ವಸ್ತು ಬಿಟ್ಟುಹೋಗಿದೆ: ಹಗ್ಗದ ಸ್ವಂತ ತೂಕ. ಎತ್ತರದ ಗೋಪುರದಲ್ಲಿ ಅದನ್ನು ಬಿಡುವ ಹಾಗಿಲ್ಲ.

ಜನರನ್ನು ಒಯ್ಯುವ ಲಿಫ್ಟಿನ ಹಗ್ಗಗಳಿಗೆ 12 ಪಟ್ಟು ಭದ್ರತೆ ಇಡುವುದು ಹಳೆಯ ವಾಡಿಕೆ. ಅದನ್ನೇ ಇಲ್ಲಿ ಹಿಡಿದರೆ 14.5 ಗುಣಿಸು 12, ಅಂದರೆ 174 ಟನ್. 20 ಮಿಮೀ ದಪ್ಪದ ಹಗ್ಗ ಒಂದು ಸುಮಾರು 20 ಟನ್‌ಗೆ ಹರಿಯುತ್ತದೆ ಎಂದುಕೊಂಡರೆ 9 ಹಗ್ಗ ಬೇಕು. ಮೀಟರಿಗೆ 1.45 ಕೆಜಿ, ಓಟ 80 ಮೀಟರ್. ಒಟ್ಟು ಒಂದು ಟನ್‌ಗಿಂತ ಸ್ವಲ್ಪ ಮೇಲೆ. ಕ್ಯಾಬಿನ್ ಬುಡದಲ್ಲಿರುವಾಗ ಈ ಒಂದು ಟನ್ ಕ್ಯಾಬಿನ್ ಕಡೆಗೆ ತೂಗುತ್ತದೆ, ತುದಿಗೆ ಹೋದಾಗ ಪೂರ್ತಿ ಕೌಂಟರ್ ವೇಟ್ ಕಡೆಗೆ ಹೊರಳುತ್ತದೆ. ಹಾಗಾಗಿ ತುಂಬಿದ ಕ್ಯಾಬಿನ್ ನೆಲ ಬಿಡುವ ಗಳಿಗೆಯಲ್ಲಿ ಮೋಟಾರು ಹೊರಬೇಕಾದ್ದು 2.25 ಅಲ್ಲ, ಸುಮಾರು 3.3 ಟನ್. 33 ಕಿಲೋವ್ಯಾಟ್ ಹೋಗಿ 48 ಆಯಿತು. ಇದನ್ನು ತಪ್ಪಿಸಲು ಗಾಡಿಯ ಅಡಿಯಿಂದ ಕೌಂಟರ್ ವೇಟಿನ ಅಡಿಗೆ ಇನ್ನೊಂದು ಹಗ್ಗವನ್ನೋ ಸರಪಳಿಯನ್ನೋ ಕಟ್ಟಿ ಸಮ ಮಾಡುತ್ತಾರೆ.

ಇದರಿಂದ ಹುಟ್ಟುವ ಇನ್ನೊಂದು ಸಂಗತಿ ಬಹಳ ಜನರಿಗೆ ತಿಳಿದಿರುವುದಿಲ್ಲ. ಕರೆಂಟು ಹೋಗಿ ಕ್ಯಾಬಿನ್ ನಡುವೆ ನಿಂತರೆ "ಬ್ರೇಕ್ ಸಡಿಲಿಸಿದರೆ ತಾನಾಗಿ ಕೆಳಗಿಳಿಯುತ್ತದೆ" ಎಂದುಕೊಳ್ಳುತ್ತಾರೆ. ಅರ್ಧಕ್ಕಿಂತ ಕಡಿಮೆ ಜನ ಇದ್ದರೆ ಕೌಂಟರ್ ವೇಟ್ ಕಡೆಯೇ ಭಾರ. ಬ್ರೇಕ್ ಬಿಟ್ಟ ಕೂಡಲೇ ಕ್ಯಾಬಿನ್ ಮೇಲಕ್ಕೆ ಹೋಗುತ್ತದೆ! ಅದಕ್ಕೇ ಇಂಥ ಗೋಪುರಗಳಿಗೆ ಜನರೇಟರೋ, ಡೀಸೆಲ್ ಎಂಜಿನ್ನಿನ ಸಣ್ಣ ಡ್ರೈವೋ, ಕೈಯಿಂದ ತಿರುಗಿಸುವ ಗೇರೋ ಬೇಕೇ ಬೇಕು. ಅದೂ ಕೈಕೊಟ್ಟರೆ ಉಳಿಯುವುದು ಹಗ್ಗ ಕಟ್ಟಿ ಒಬ್ಬೊಬ್ಬರನ್ನೇ ಇಳಿಸುವ ದಾರಿ. 2016ರ ಡಿಸೆಂಬರ್ 30ರಂದು ಕ್ಯಾಲಿಫೋರ್ನಿಯಾದ ನಾಟ್ಸ್ ಬೆರಿ ಫಾರ್ಮ್‌ನಲ್ಲಿ ಸ್ಕೈ ಕ್ಯಾಬಿನ್ ಎಂಬ ಇಂಥದೇ ಗೋಪುರದ ಕ್ಯಾಬಿನ್ ಮೇಲೆ ನಿಂತುಹೋದಾಗ ಒಳಗಿದ್ದ 21 ಜನರನ್ನು ಅಗ್ನಿಶಾಮಕ ದಳದವರು ಹಾಗೆ ಒಬ್ಬೊಬ್ಬರನ್ನಾಗಿ ಹಗ್ಗದಲ್ಲೇ ಇಳಿಸಿದರು. ಮಧ್ಯಾಹ್ನ ನಿಂತದ್ದು, ಕೊನೆಯವರು ನೆಲ ಮುಟ್ಟುವಾಗ ರಾತ್ರಿಯಾಗಿತ್ತು.

ಹಗ್ಗ ಹರಿದರೆ ಎಂಬ ಭಯಕ್ಕೆ ಬೇರೆಯೇ ಏರ್ಪಾಡು ಇದೆ. ಗವರ್ನರ್ ಎಂಬ ಸಣ್ಣ ಚಕ್ರ ಗಾಡಿಯ ವೇಗವನ್ನು ಸದಾ ಅಳೆಯುತ್ತಿರುತ್ತದೆ. ವೇಗ ಮಿತಿ ಮೀರಿದರೆ ಅದರ ಹಲ್ಲು ಸಿಕ್ಕಿಕೊಂಡು ಗಾಡಿಯ ಬೆಣೆಗಳನ್ನು ಎಳೆಯುತ್ತದೆ, ಬೆಣೆಗಳು ಗೈಡ್ ರೈಲನ್ನು ಕಚ್ಚಿ ಹಿಡಿಯುತ್ತವೆ. ಕರೆಂಟು ಬೇಕಿಲ್ಲ. ಮೂಲೆಯಲ್ಲಿ ಅಡಗಿ ಕೂತಿರುವ ಈ ಬೆಣೆಗಳೇ ಇಡೀ ಗೋಪುರದ ಅತಿ ಮುಖ್ಯ ಭಾಗ. ರೈಲಿಗೆ ಬೇಕಾಬಿಟ್ಟಿ ಗ್ರೀಸ್ ಬಳಿದರೆ ಅವು ಜಾರುತ್ತವೆ.

ಲಿಫ್ಟ್‌ಕೋಣೆ:

ಹಗ್ಗದ ತೂಕ ಬಿಟ್ಟದ್ದು ನನ್ನ ತಪ್ಪು. 48 ಸರಿ.

ಗಾಡಿಯ ಬಗ್ಗೆ ಇನ್ನೊಂದು ಮಾತು ಸೇರಿಸುತ್ತೇನೆ, ಮಾದರಿಗೂ ಬೇಕಾಗುತ್ತದೆ. ಗಾಡಿ ಎತ್ತರವಾಗಿರಬೇಕು. ಕಾರಣ ಜನ. ಒಂದು ಕಡೆ ಏನೋ ಕಂಡಿತೆಂದು 60 ಜನವೂ ಆ ಕಿಟಕಿಗೆ ಬಂದರೆ 4.5 ಟನ್ ಭಾರ ಕಂಬದ ನಡುವಿನಿಂದ 3 ಮೀಟರ್ ಆಚೆ ಕೂತ ಹಾಗೆ. ಗಾಡಿ ಓರೆಯಾಗಲು ನೋಡುತ್ತದೆ. ಮೇಲಿನ ಚಕ್ರಗಳಿಗೂ ಕೆಳಗಿನ ಚಕ್ರಗಳಿಗೂ 3 ಮೀಟರ್ ಅಂತರ ಇದ್ದರೆ ಒಂದೊಂದು ಜೊತೆಗೆ 4.5 ಟನ್ ಒತ್ತಡ ಬೀಳುತ್ತದೆ. ಅಂತರ 1 ಮೀಟರ್ ಮಾತ್ರವಾದರೆ 13.5 ಟನ್. ಬಳೆ ತಿರುಗಿದಂತೆಲ್ಲ ಆ ಒತ್ತಡ ಒಂದು ಚಕ್ರದಿಂದ ಇನ್ನೊಂದಕ್ಕೆ ದಾಟುತ್ತಾ ಇಡೀ ಸುತ್ತು ಬರುತ್ತದೆ.

ಚಕ್ರಗಳ ಹೊರಮೈ ಸಾಮಾನ್ಯವಾಗಿ ಪಾಲಿಯುರೆಥೇನ್, ರಬ್ಬರಿನಂಥ ಗಟ್ಟಿ ಪ್ಲಾಸ್ಟಿಕ್. ಸೀಸನ್ ಮುಗಿದು ತಿಂಗಳುಗಟ್ಟಲೆ ಕ್ಯಾಬಿನ್ ಒಂದೇ ಜಾಗದಲ್ಲಿ ನಿಂತರೆ ಚಕ್ರದ ಒತ್ತಿದ ಭಾಗ ಚಪ್ಪಟೆಯಾಗುತ್ತದೆ. ಮತ್ತೆ ಓಡಿಸಿದಾಗ ಚಕ್ರ ಒಂದು ಸುತ್ತು ಬಂದಾಗಲೆಲ್ಲ "ದಡ್" ಎಂದು ಒಂದು ಏಟು. ರೈಲಿನ ಜೋಡಣೆ ಸವೆದಿದ್ದರೆ ಬರುವ ಏಟು ಬೇರೆ, ಅದು ಹತ್ತು ಹನ್ನೆರಡು ಮೀಟರಿಗೊಮ್ಮೆ ಬರುತ್ತದೆ. ನಿಮಗೆ ನೆನಪು ಹೇಳುವವರನ್ನು ಕೇಳಿ: ಏರುವಾಗ ನಡುನಡುವೆ ಕಾಲಡಿ ಸಣ್ಣಗೆ ಕುಲುಕುತ್ತಿತ್ತೇ, ಎಷ್ಟು ಸಲ? ಕುಲುಕು ಎಣಿಸಿದವರು ಯಾರಾದರೂ ಸಿಕ್ಕರೆ ಕಂಬದ ತುಂಡುಗಳನ್ನು ಎಣಿಸಿದ ಹಾಗೇ.

ಕಾರ್ಬನ್‌ಬ್ರಷ್:

ಕರೆಂಟಿನ ಕಥೆ ಯಾರೂ ಹೇಳಿಲ್ಲ. ಗಾಡಿಗೆ ಕರೆಂಟು ಬರುವುದು ಎರಡು ದಾರಿಯಲ್ಲಿ: ಕಂಬದ ಮೈಗೆ ಉದ್ದಕ್ಕೂ ಕೂರಿಸಿದ ತಾಮ್ರದ ಪಟ್ಟಿಗಳನ್ನು ಉಜ್ಜುತ್ತಾ ಹೋಗುವ ಬ್ರಷ್‌ಗಳಿಂದ, ಇಲ್ಲವೇ ಗಾಡಿಯ ಅಡಿಯಿಂದ ಜೋತುಬಿದ್ದ ಕೇಬಲಿನಿಂದ. ಕೇಬಲ್ ಅಗ್ಗ, ಆದರೆ ಗಾಳಿಗೆ ಹೊಯ್ದಾಡಿ ಕಂಬಕ್ಕೆ ಸಿಕ್ಕಿಕೊಳ್ಳುತ್ತದೆ. ಗಾಡಿಯಿಂದ ತಿರುಗುವ ಬಳೆಗೆ ದಾಟಿಸಲು ಸ್ಲಿಪ್ ರಿಂಗ್, ಅಂದರೆ ಬ್ರಷ್‌ಗಳು ಉಜ್ಜುತ್ತಿರುವ ಲೋಹದ ಉಂಗುರ. ತಿರುಗಿಸುವ ಮೋಟಾರನ್ನು ಗಾಡಿಯ ಮೇಲೇ ಕೂರಿಸಿದರೆ ಸ್ಲಿಪ್ ರಿಂಗ್ ಮೂಲಕ ಹೋಗಬೇಕಾದ್ದು ದೀಪ, ಬಾಗಿಲಿನ ಸ್ವಿಚ್, ಧ್ವನಿವರ್ಧಕ ಇಷ್ಟೇ.

ಬ್ರಷ್ ಸವೆದಾಗ ಮೊದಲು ಹಾಳಾಗುವುದು ಧ್ವನಿ. ಬಳೆ ತಿರುಗುವಾಗ ವಿವರಣೆಯ ಧ್ವನಿಯಲ್ಲಿ ಕರಕರ ಸದ್ದು, ನಿಂತ ಕೂಡಲೇ ಸ್ವಚ್ಛ. ಹಳೆಯ ಗೋಪುರಗಳ ಧ್ವನಿಮುದ್ರಣ ಎಲ್ಲಾದರೂ ಸಿಕ್ಕರೆ ಆ ಸದ್ದು ಗಮನಿಸಿ. ಯಾವಾಗ ಶುರು, ಯಾವಾಗ ನಿಲುಗಡೆ ಎಂಬುದರಿಂದ ಕ್ಯಾಬಿನ್ ಎಷ್ಟು ಹೊತ್ತು ತಿರುಗಿತು ಎಂದು ಅಳೆಯಬಹುದು. ಯಾವಾಗ ತಿರುಗುತ್ತಿತ್ತು ಎಂಬ ನಿಮ್ಮ ಪ್ರಶ್ನೆಗೆ ಯಾರ ನೆನಪಿಗಿಂತಲೂ ಗಟ್ಟಿಯಾದ ಸಾಕ್ಷಿ ಅದು.

ಹಾಗೆಯೇ, ಬಳೆ ಕೆಳಗೆ ಬಂದು ನಿಲ್ಲುವಾಗ ಬಾಗಿಲು ಪ್ಲಾಟ್‌ಫಾರ್ಮಿನ ಬಾಗಿಲಿಗೆ ಎದುರಾಗಿಯೇ ಇರಬೇಕು. ಅದಕ್ಕೊಂದು ಸ್ವಿಚ್ ಇರುತ್ತದೆ. ಅದು ಸರಿಯಾಗಿ ಮುಟ್ಟದಿದ್ದರೆ ಕ್ಯಾಬಿನ್ ನೆಲ ಮುಟ್ಟುವ ಮೊದಲೇ ನಿಂತು ಒಂದಿಷ್ಟು ತಿರುಗಿ ಆಮೇಲೆ ಇಳಿಯುತ್ತದೆ.

ಕಂಬಶಿಲ್ಪಿ:

ಎಲ್ಲರಿಗೂ ನಮಸ್ಕಾರ, ಇಷ್ಟು ವಿವರ ಸಿಗುತ್ತದೆ ಎಂದುಕೊಂಡಿರಲಿಲ್ಲ. ಪೋಸ್ಟ್‌ಕಾರ್ಡ್ ಭೂತಗನ್ನಡಿಯಲ್ಲಿ ನೋಡಿದೆ. ತುದಿಯಲ್ಲಿ ಟೋಪಿ ಇದೆ, ಅದರ ಮೇಲೆ ಧ್ವಜದ ಕೋಲು. ಕಂಬದ ಮೇಲೆ ಸಮ ದೂರದಲ್ಲಿ ತೆಳ್ಳನೆಯ ಅಡ್ಡಗೆರೆಗಳು, ಎಣಿಸಿದರೆ 7 ಸಿಗುತ್ತವೆ, ಬುಡ ಮಾತ್ರ ಮರಗಳ ಹಿಂದೆ. ಇದರಿಂದ ಎತ್ತರ ಹೇಳಬಹುದೇ?

ಹಳೆಪಟಸಂಗ್ರಹ:

ಎತ್ತರ ಎಂದರೆ ಯಾವ ಎತ್ತರ ಎಂಬುದನ್ನು ಮೊದಲು ತೀರ್ಮಾನಿಸಿ. ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಜಾಹೀರಾತಿನಲ್ಲಿ ಕೊಡುವುದು ಧ್ವಜದ ಕೋಲಿನ ತುದಿಯ ಎತ್ತರ, ಜನ ಕೂತಿರುವುದು ಅದಕ್ಕಿಂತ ಹತ್ತು ಹದಿನೈದು ಮೀಟರ್ ಕೆಳಗೆ. ಇಲಿನಾಯ್ ರಾಜ್ಯದ ಗರ್ನಿಯಲ್ಲಿ 1977ರಲ್ಲಿ ಶುರುವಾದ ಸ್ಕೈ ಟ್ರೆಕ್ ಟವರ್‌ಗೆ 330 ಅಡಿ ಎನ್ನುತ್ತಾರೆ, ಕ್ಯಾಬಿನ್ ಏರುವುದು 285 ಅಡಿಗೆ. ಮೀಟರಿನಲ್ಲಿ 100 ಮತ್ತು 87. ಎರಡೂ ಅಂಕಿ ಸರಿ, ಅಳೆದ ಜಾಗ ಬೇರೆ.

ಅಡ್ಡಗೆರೆಗಳು ಕಂಬದ ತುಂಡುಗಳ ಜೋಡಣೆ. ಲಾರಿಯಲ್ಲಿ ಸಾಗಿಸಬೇಕಾದ್ದರಿಂದ ಒಂದೊಂದು ತುಂಡು 10ರಿಂದ 12 ಮೀಟರ್ ಇರುವುದು ಸಹಜ. 7 ಗೆರೆ ಎಂದರೆ 8 ತುಂಡು, ಅಂದರೆ 80ರಿಂದ 96 ಮೀಟರ್. ಮರದ ಹಿಂದೆ ಇನ್ನೊಂದು ಗೆರೆ ಅಡಗಿದ್ದರೆ ಒಂದು ತುಂಡು ಹೆಚ್ಚು. ಇದು ಒರಟು ಅಂದಾಜು. ಗಟ್ಟಿ ಮಾಡಲು ಎರಡು ದಾರಿ ಇವೆ.

ಮೊದಲನೆಯದು ನೆರಳು. ಆಗಸದಿಂದ ತೆಗೆದ ಹಳೆಯ ಚಿತ್ರ ಸಿಕ್ಕರೆ ಗೋಪುರದ ನೆರಳನ್ನು ಅಳೆಯಿರಿ. ಅದೇ ಚಿತ್ರದಲ್ಲಿ ಎತ್ತರ ಗೊತ್ತಿರುವ, ಇಂದಿಗೂ ನಿಂತಿರುವ ಒಂದು ಕಟ್ಟಡದ ನೆರಳನ್ನೂ ಅಳೆಯಿರಿ. ಎರಡರ ಅನುಪಾತವೇ ಉತ್ತರ. 12 ಮೀಟರಿನ ಕಟ್ಟಡದ ನೆರಳು ಚಿತ್ರದಲ್ಲಿ 4 ಮಿಮೀ, ಗೋಪುರದ್ದು 30 ಮಿಮೀ ಇದ್ದರೆ ಗೋಪುರ 90 ಮೀಟರ್. ಎರಡೂ ನೆರಳು ಸಮತಟ್ಟು ನೆಲದ ಮೇಲೆ ಬಿದ್ದಿರಬೇಕು. ಇಳಿಜಾರಿನ ಮೇಲೆ ಬಿದ್ದ ನೆರಳು ಲೆಕ್ಕ ಕೆಡಿಸುತ್ತದೆ. ತೆಳ್ಳನೆಯ ಧ್ವಜದ ಕೋಲಿನ ನೆರಳು ಚಿತ್ರದಲ್ಲಿ ಮೂಡುವುದಿಲ್ಲ, ಹಾಗಾಗಿ ಸಿಗುವುದು ಟೋಪಿಯ ಎತ್ತರ. ಹಗ್ಗದ ಓಟಕ್ಕೆ ಬೇಕಾದ್ದೂ ಹೆಚ್ಚುಕಡಿಮೆ ಅದೇ.

ಎರಡನೆಯದು ದಿಗಂತ. ಸಮತಟ್ಟಾದ ನೆಲದಲ್ಲಿ ಅಥವಾ ಸಮುದ್ರದ ಪಕ್ಕ ಇದ್ದ ಗೋಪುರವಾದರೆ, ಕಣ್ಣಿನ ಎತ್ತರದ ವರ್ಗಮೂಲವನ್ನು 3.57ರಿಂದ ಗುಣಿಸಿದರೆ ದಿಗಂತ ಎಷ್ಟು ಕಿಲೋಮೀಟರ್ ದೂರ ಎಂದು ಬರುತ್ತದೆ. 87 ಮೀಟರಿಗೆ 33 ಕಿಮೀ, 46 ಮೀಟರಿಗೆ 24 ಕಿಮೀ. ನೋಡುವ ವಸ್ತುವಿಗೂ ಎತ್ತರ ಇದ್ದರೆ ಅದರ ವರ್ಗಮೂಲವನ್ನೂ ಕೂಡಿಸಿ ಗುಣಿಸಬೇಕು. "ತುದಿಯಿಂದ ಇಂಥ ಊರಿನ ಚಿಮಣಿ ಕಾಣುತ್ತಿತ್ತು" ಎಂಬ ಒಂದು ನೆನಪು ಇದ್ದರೆ ಸಾಕು, ಗೋಪುರ ಕನಿಷ್ಠ ಎಷ್ಟು ಎತ್ತರ ಇದ್ದಿರಬೇಕು ಎಂದು ಹೇಳಬಹುದು.

ಪೋಸ್ಟ್‌ಕಾರ್ಡಿನ ಮೇಲೆ ನೇರವಾಗಿ ಸ್ಕೇಲ್ ಇಟ್ಟು ಅಳೆಯುವುದು ಮಾತ್ರ ಬೇಡ. ಹತ್ತಿರದಿಂದ ಕ್ಯಾಮೆರಾ ಮೇಲಕ್ಕೆತ್ತಿ ತೆಗೆದ ಚಿತ್ರದಲ್ಲಿ ಮೇಲಿನ ತುಂಡುಗಳು ಕುಗ್ಗಿ ಕಾಣುತ್ತವೆ. ನಿಮ್ಮ ಗೆರೆಗಳು ಸಮ ದೂರದಲ್ಲಿವೆ ಎಂದಿರಿ. ಹಾಗಿದ್ದರೆ ಚಿತ್ರ ದೂರದಿಂದ ತೆಗೆದದ್ದು, ನಂಬಬಹುದು.

ಇನ್ನೊಂದು ಎಚ್ಚರಿಕೆ. ಗೋಪುರಗಳು ಊರು ಬದಲಾಯಿಸುತ್ತವೆ, ಹೆಸರೂ ಬದಲಾಗುತ್ತದೆ. 1988ರ ಗ್ಲಾಸ್ಗೋ ಗಾರ್ಡನ್ ಫೆಸ್ಟಿವಲ್‌ಗೆ ನಿಲ್ಲಿಸಿದ 240 ಅಡಿಯ ಗೋಪುರ ಆಮೇಲೆ ವೇಲ್ಸ್‌ನ ರಿಲ್ ಕಡಲತೀರಕ್ಕೆ ಹೋಯಿತು. 2010ರಲ್ಲಿ ಜನರನ್ನು ಏರಿಸುವುದು ನಿಂತು, ಕೊನೆಗೆ ದೀಪದ ಕಂಬವಾಗಿ ಉಳಿಯಿತು. ನಿಮ್ಮ ಗೋಪುರದ ಚಿತ್ರ ಬೇರೆ ಊರಿನ ಹೆಸರಿನಲ್ಲೂ ಇರಬಹುದು, ಬಣ್ಣ ನೋಡಿ ತಳ್ಳಿಹಾಕಬೇಡಿ. ತುಂಡುಗಳ ಸಂಖ್ಯೆ ಮತ್ತು ಕಿಟಕಿಗಳ ಸಂಖ್ಯೆ ಹೋಲಿಸಿ.

ಕ್ರೇನ್‌ಅಂಗಳ:

ಕೆಡವಿದ ಗೋಪುರದ ಮಾದರಿ ಮಾಡುವವರು ಪಾಯ ನೋಡಲು ಹೋಗುತ್ತಾರೆ. ಒಳ್ಳೆಯದೇ. ಕಂಬವನ್ನು ಕತ್ತರಿಸಿ ಒಯ್ದರೂ ಕಾಂಕ್ರೀಟಿನಲ್ಲಿ ಹೂತ ಬೋಲ್ಟುಗಳ ವರ್ತುಲ ಉಳಿದಿರುವುದುಂಟು. ಆ ವರ್ತುಲದ ವ್ಯಾಸ ಅಳೆದರೆ ಕಂಬದ ಬುಡದ ಅಗಲ ಹೆಚ್ಚುಕಡಿಮೆ ಸಿಕ್ಕಿತು.

ಆದರೆ ಮುಚ್ಚಿದ ಪಾರ್ಕಿನಲ್ಲಿ ಇನ್ನೂ ನಿಂತಿರುವ ಗೋಪುರದ ಬುಡಕ್ಕೆ ಹೋಗುವುದು ಬೇರೆ ವಿಷಯ. ಅದರ ಬಗ್ಗೆ ಸ್ಪಷ್ಟವಾಗಿ ಹೇಳಲೇಬೇಕು. ಕ್ಯಾಬಿನ್ ಬುಡದಲ್ಲಿ ನಿಂತಿದೆ, ಬಾಗಿಲು ತೆರೆದಿದೆ, ಅಪಾಯವಿಲ್ಲ ಎಂದು ತೋರುತ್ತದೆ. ಕ್ಯಾಬಿನ್ ಬುಡದಲ್ಲಿದೆ ಎಂದರೆ ಕೌಂಟರ್ ವೇಟ್ ತುದಿಯಲ್ಲಿದೆ. ಹನ್ನೆರಡು ಟನ್ ತೂಕ, ವರ್ಷಗಟ್ಟಲೆ ಯಾರೂ ಎಣ್ಣೆ ಹಾಕದ ಹಗ್ಗದಲ್ಲಿ, ನಿಮ್ಮ ತಲೆಯ ನೇರಕ್ಕೆ 80 ಮೀಟರ್ ಮೇಲೆ ತೂಗುತ್ತಿದೆ. ಕಂಬದ ಬುಡದ ಸಣ್ಣ ಬಾಗಿಲು ತೆರೆದು ಒಳಗೆ ಇಣುಕುವುದು ಆ ತೂಕದ ಬಾವಿಗೆ ಇಣುಕಿದ ಹಾಗೆ. ಫೋಟೋಗೆಂದೂ ಹೋಗಬೇಡಿ.

ಬಿಚ್ಚುವ ಕೆಲಸದಲ್ಲೂ ಎಲ್ಲಕ್ಕಿಂತ ಮೊದಲು ವಿಲೇವಾರಿ ಆಗಬೇಕಾದ್ದು ಅದೇ. ಕ್ಯಾಬಿನ್ನನ್ನು ಮೊದಲು ಕಳಚಿದರೆ ಆ ಕಡೆಯ ಭಾರ ಹೋಗಿ ಕೌಂಟರ್ ವೇಟ್ ಬಾಂಬಿನಂತೆ ಬೀಳುತ್ತದೆ. ಸರಿಯಾದ ಕ್ರಮ ಹೀಗೆ: ಗಾಡಿಯನ್ನು ಕಂಬಕ್ಕೆ ಪಿನ್ ಹಾಕಿ ಭದ್ರ ಮಾಡುವುದು, ಕೌಂಟರ್ ವೇಟನ್ನು ಬೇರೆ ವಿಂಚಿನ (ಹಗ್ಗ ಸುತ್ತಿ ಬಿಡುವ ಯಂತ್ರದ) ಹಗ್ಗಕ್ಕೆ ವರ್ಗಾಯಿಸಿ ನಿಧಾನಕ್ಕೆ ಬುಡಕ್ಕೆ ಇಳಿಸುವುದು, ಅದು ನೆಲದಲ್ಲಿ ಕೂತ ಮೇಲೆ ಹಳೆಯ ಹಗ್ಗಗಳನ್ನು ತೆಗೆಯುವುದು, ಆಮೇಲೆ ಬಳೆಯನ್ನು ತುಂಡು ತುಂಡಾಗಿ ಬಿಚ್ಚುವುದು. ಕಂಬವನ್ನು ಕ್ರೇನಿನಿಂದ ಹಿಡಿದು ಮೇಲಿನ ತುಂಡಿನಿಂದ ಶುರು ಮಾಡಿ ಇಳಿಸುತ್ತಾರೆ. ಸುತ್ತ ಸಾಕಷ್ಟು ಬಯಲಿದ್ದರೆ ಇಡೀ ಕಂಬವನ್ನೇ ಒಂದು ದಿಕ್ಕಿಗೆ ಉರುಳಿಸುವುದೂ ಉಂಟು.

ಓಹಿಯೋದ ಸೀಡರ್ ಪಾಯಿಂಟ್‌ನಲ್ಲಿ 1965ರಿಂದ ಓಡಿದ ಸ್ಪೇಸ್ ಸ್ಪೈರಲ್ ಗೋಪುರವನ್ನು 2012ರಲ್ಲಿ ಕೆಡವಿದ್ದು ಹೊಸ ರೋಲರ್ ಕೋಸ್ಟರಿಗೆ ಜಾಗ ಮಾಡಲು. ಪಾರ್ಕ್ ನಡೆಯುತ್ತಿದ್ದರೂ ಗೋಪುರ ಹೋಯಿತು. ಇಂಗ್ಲೆಂಡಿನ ಮೋರ್‌ಕಾಂಬ್‌ನಲ್ಲಿ ತದ್ವಿರುದ್ಧ. ಫ್ರಾಂಟಿಯರ್‌ಲ್ಯಾಂಡ್ ಪಾರ್ಕ್ ಮುಚ್ಚಿ ಉಳಿದ ಆಟಗಳೆಲ್ಲ ಹೋದವು, ಪೋಲೋ ಟವರ್ ಮಾತ್ರ 2017ರವರೆಗೆ ಒಂಟಿಯಾಗಿ ನಿಂತಿತ್ತು. ಅದರ ಮೇಲೆ ಮೊಬೈಲ್ ಫೋನಿನ ಆಂಟೆನಾಗಳಿದ್ದವು.

ಇವು ಯಾಕೆ ಉಳಿಯಲಿಲ್ಲ ಎಂದು ಕೇಳುವವರಿಗೆ ನನ್ನ ಅಭಿಪ್ರಾಯ ಇಷ್ಟೇ: ಖರ್ಚು ಹೊರಗೆ ಕಾಣುವ ಜಾಗದಲ್ಲಿ ಇರಲಿಲ್ಲ. ಹೊರಗಿನ ಬಣ್ಣ ಹೊಸದಾಗಿಯೇ ಇರುತ್ತದೆ. ಕಂಬದ ಒಳಗೆ ಹಗಲು ರಾತ್ರಿಯ ತಾಪ ಬದಲಾದಂತೆಲ್ಲ ನೀರಿನ ಹನಿ ಕಟ್ಟುತ್ತದೆ, ಗೋಡೆಗುಂಟ ಇಳಿದು ಬುಡದಲ್ಲಿ ನಿಲ್ಲುತ್ತದೆ. ನೀರು ಹೊರಹೋಗುವ ತೂತು ಎಲೆ, ಗ್ರೀಸ್, ತುಕ್ಕಿನ ಚಕ್ಕೆಗಳಿಂದ ಮುಚ್ಚಿಹೋದರೆ ಕಂಬಕ್ಕೆ ಅತಿ ಹೆಚ್ಚು ಒತ್ತಡ ಬೀಳುವ ಜಾಗದಲ್ಲೇ ಉಕ್ಕು ತೆಳ್ಳಗಾಗುತ್ತದೆ. ಹಗ್ಗವೂ ಹೀಗೆಯೇ. ಹೊರಗಿನ ತಂತಿ ಹೊಳೆಯುತ್ತಿರುತ್ತದೆ, ಒಳಗಿನ ತಂತಿಗಳು ಒಂದಕ್ಕೊಂದು ಉಜ್ಜಿ ಕೆಂಪು ಪುಡಿ ಸುರಿಯುತ್ತಿರುತ್ತದೆ. ಎಳೆಗಳ ಸಂದಿನಲ್ಲಿ ಇಟ್ಟಿಗೆ ಪುಡಿಯಂಥ ಕೆಂಪು ಕಂಡರೆ ಆ ಹಗ್ಗದ ಕಾಲ ಮುಗಿಯುತ್ತಾ ಬಂದಿದೆ ಎಂದರ್ಥ. ಒಂದು ಹಗ್ಗ ಕೆಟ್ಟರೆ ಒಂಬತ್ತನ್ನೂ ಒಟ್ಟಿಗೇ ಬದಲಾಯಿಸಬೇಕು. ಹೊಸದು ಜಗ್ಗುತ್ತದೆ, ಹಳೆಯದು ಜಗ್ಗುವುದಿಲ್ಲ, ಬೆರೆಸಿದರೆ ಭಾರ ಸಮವಾಗಿ ಹಂಚಿಕೆಯಾಗುವುದಿಲ್ಲ.

ಇನ್ನೊಂದು ಕಾರಣ ಜನರ ಸಂಖ್ಯೆ. ಒಂದು ಸಲ ಏರಿಸಿ ಇಳಿಸಲು ಏಳು ನಿಮಿಷ ಹಿಡಿದರೆ ಗಂಟೆಗೆ ಎಂಟು ಸಲ, 60 ಜನರಂತೆ 480. ಅದೇ ಜಾಗದಲ್ಲಿ ದೊಡ್ಡ ರೋಲರ್ ಕೋಸ್ಟರ್ ಅದರ ಎರಡು ಮೂರು ಪಟ್ಟು ಜನರನ್ನು ಕೂರಿಸುತ್ತದೆ.

ಹಗ್ಗಲೆಕ್ಕ:

ಬಿಸಿಲಿನ ವಿಷಯ ಒಂದು ಸಾಲು. ಕಂಬದ ಒಂದು ಮಗ್ಗುಲು ಇನ್ನೊಂದಕ್ಕಿಂತ 15 ಡಿಗ್ರಿ ಬಿಸಿಯಾದರೆ, 80 ಮೀಟರ್ ಎತ್ತರ, 2.5 ಮೀಟರ್ ವ್ಯಾಸದ ಉಕ್ಕಿನ ಕೊಳವೆಯ ತುದಿ ಸುಮಾರು 23 ಸೆಂಟಿಮೀಟರ್ ನೆರಳಿನ ಕಡೆಗೆ ಬಾಗುತ್ತದೆ. ಸಂಜೆಗೆ ತಾನಾಗಿ ನೆಟ್ಟಗಾಗುತ್ತದೆ. "ಗೋಪುರ ವಾಲಿತ್ತು" ಎಂದು ಯಾರಾದರೂ ಹಳೆಯ ಚಿತ್ರ ತೋರಿಸಿದರೆ ಗಾಬರಿಯಾಗಬೇಡಿ, ಯಾವ ಹೊತ್ತಿನಲ್ಲಿ ತೆಗೆದದ್ದು ಎಂದು ಕೇಳಿ.

ಕಂಬಶಿಲ್ಪಿ:

ಹಾಗಾದರೆ ಮಾದರಿಗೆ ಹೀಗೆ ಯೋಚಿಸಿದ್ದೇನೆ: 25 ಮಿಮೀ ಪಿವಿಸಿ ಪೈಪು, 90 ಸೆಂಮೀ ಉದ್ದ. ಮೂರು ದಾರ, ಒಳಗೆ ಒಂದು ತೂಕ, ಅಡಿಯಲ್ಲಿ ಸಣ್ಣ ಗೇರ್ ಮೋಟಾರು. ಕ್ಯಾಬಿನ್ ಗಾಡಿಸಮೇತ 60 ಗ್ರಾಂ ಆಗಬಹುದು. ಎಲ್ಲಿ ತೊಂದರೆ ಬರುತ್ತದೆ?

ಲಿಫ್ಟ್‌ಕೋಣೆ:

ತೊಂದರೆ ಬರುವುದು ಮೂರು ಕಡೆ. ದಾರಗಳನ್ನು 120 ಡಿಗ್ರಿಗೆ ಒಂದರಂತೆ ಕಟ್ಟಿ, ತುದಿಯಲ್ಲಿ ಪ್ರತಿಯೊಂದಕ್ಕೂ ಸಣ್ಣ ಬಾಲ್ ಬೇರಿಂಗ್ ಇಡಿ. ಪೈಪಿನ ಅಂಚಿನ ಮೇಲೇ ದಾರ ಎಳೆದರೆ ಅಂಚು ನಾಲ್ಕು ದಿನದಲ್ಲಿ ದಾರವನ್ನು ಕೊಯ್ಯುತ್ತದೆ. ಮೂರು ದಾರದ ಉದ್ದ ಒಂದು ಮಿಲಿಮೀಟರ್ ಹೆಚ್ಚುಕಡಿಮೆಯಾದರೂ ಗಾಡಿ ಓರೆಯಾಗಿ ಕಚ್ಚಿಕೊಳ್ಳುತ್ತದೆ, ಆದ್ದರಿಂದ ದಾರದ ತುದಿಗಳನ್ನು ಗಾಡಿಗೆ ನೇರ ಗಂಟು ಹಾಕದೆ ಸಣ್ಣ ಸ್ಪ್ರಿಂಗ್ ಮೂಲಕ ಕಟ್ಟಿ. ನಿಜದ ಗೋಪುರದಲ್ಲೂ ಹಗ್ಗಗಳ ಭಾರ ಸಮ ಮಾಡಲು ತುದಿಯಲ್ಲಿ ಸ್ಪ್ರಿಂಗು ಇರುತ್ತದೆ.

ಎರಡನೆಯದು ಗಾಡಿಯ ಎತ್ತರ. 1:100ರ ಲೆಕ್ಕದಲ್ಲಿ 30 ಮಿಮೀ ಬರುತ್ತದೆ, ಅಷ್ಟೇ ಇಡಿ, ಚಂದಕ್ಕೆಂದು ಕಡಿಮೆ ಮಾಡಬೇಡಿ. ಪೈಪಿಗೂ ಗಾಡಿಗೂ ನಡುವೆ ಸುತ್ತಲೂ ಅರ್ಧ ಮಿಮೀ ಸಂದು ಬಿಡಿ. ಗಾಡಿ ಪೈಪಿನ ಸುತ್ತ ತಿರುಗದಂತೆ ಪೈಪಿನ ಮೇಲೆ ಉದ್ದಕ್ಕೂ ಒಂದು ತೆಳು ಪಟ್ಟಿ ಅಂಟಿಸಿ, ಗಾಡಿಯಲ್ಲಿ ಅದಕ್ಕೊಂದು ಸೀಳು ಕೊರೆಯಿರಿ. ಆ ಪಟ್ಟಿಯೇ ನಿಮ್ಮ ಗೈಡ್ ರೈಲು.

ಮೂರನೆಯದು ಒಳಗಿನ ತೂಕ. ಪೈಪಿನ ಒಳವ್ಯಾಸ ಸುಮಾರು 20 ಮಿಮೀ ಇದ್ದರೆ 16 ಮಿಮೀ ಉಕ್ಕಿನ ಸರಳು ಸಲೀಸಾಗಿ ಓಡುತ್ತದೆ. ಅದರ ತೂಕ ಸೆಂಟಿಮೀಟರಿಗೆ 15.8 ಗ್ರಾಂ. 38 ಮಿಮೀ ಕತ್ತರಿಸಿದರೆ 60 ಗ್ರಾಂ. ನಿಮ್ಮದರಲ್ಲಿ ಜನ ಹತ್ತುವುದಿಲ್ಲವಾದ್ದರಿಂದ ಅರ್ಧ ಭಾರ ಸೇರಿಸಬೇಕಿಲ್ಲ. ಸರಳಿನ ಎರಡೂ ತುದಿಯ ಅಂಚನ್ನು ಅರದಿಂದ ಉಜ್ಜಿ ದುಂಡಗೆ ಮಾಡಿ, ಇಲ್ಲದಿದ್ದರೆ ಪೈಪಿನೊಳಗೆ ಕೆರೆಯುವ ಸದ್ದು ಹೊರಗೆ ಕೇಳುತ್ತದೆ. ಮೋಟಾರಿನ ದಾರವನ್ನು ಈ ಸರಳಿನ ಅಡಿಗೆ ಕಟ್ಟಿ. ಕೆಳಗೆಳೆದರೆ ಕ್ಯಾಬಿನ್ ಏರುತ್ತದೆ. ಮತ್ತೆ ಇಳಿಯಬೇಕೆಂದರೆ ಸರಳಿಗಿಂತ ಕ್ಯಾಬಿನ್ ಹತ್ತು ಗ್ರಾಂನಷ್ಟಾದರೂ ಭಾರವಾಗಿರಬೇಕು, ಹಾಗಾಗಿ 38ರ ಬದಲು 32 ಮಿಮೀಗೆ ಕತ್ತರಿಸಿ.

ಪೈಪಿಗೆ ಬಣ್ಣ ಬಳಿಯುವ ಮೊದಲೇ ಒಮ್ಮೆ ಎಲ್ಲ ಜೋಡಿಸಿ ಓಡಿಸಿ ನೋಡಿ. ಎರಡು ಪದರ ಬಣ್ಣ ಆ ಅರ್ಧ ಮಿಮೀ ಸಂದಿನಲ್ಲಿ ಒಳ್ಳೆಯ ಪಾಲು ತಿನ್ನುತ್ತದೆ.